ಡಾಕ್ಟರಾಗುವವರು ಯಾರ ಮಕ್ಕಳು?

ಒಂಟಿಕೊಪ್ಪಲ್ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಅದರ ಪಂಚಾಂಗ. ಮದುವೆಯ ಲಗ್ನಕ್ಕೆ, ಮನೆಯ ಗುದ್ದಲಿಪೂಜೆಗೆ, ಅಂಗಡಿಯ ಹೊಸ ಲೆಕ್ಕದ ಪುಸ್ತಕಕ್ಕೆ ಅದನ್ನು ತೆರೆದು ನೋಡುವವರು ಲಕ್ಷಾಂತರ. ನಂಬುವವರು ನಂಬಲಿ, ಅದು ಅವರವರ ಮನೆಯ ಮಾತು. ಆದರೆ ಆ ಪಂಚಾಂಗವನ್ನು ಎಷ್ಟು ಸಲ ತಿರುವಿದರೂ ಒಂದು ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ಈ ಊರಿನಲ್ಲಿ ಒಂದೇ ದಿನ, ಒಂದೇ ನಕ್ಷತ್ರದಲ್ಲಿ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬರು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಡಾಕ್ಟರಾಗಿ ಓಡಾಡುವುದೂ, ಇನ್ನೊಬ್ಬರು ಅದೇ ಆಸ್ಪತ್ರೆಯ ವರಾಂಡದಲ್ಲಿ ಚೀಟಿ ಹಿಡಿದು ಕೂರುವುದೂ ಯಾವ ಗ್ರಹದ ಫಲ?

ಬಂಧುಗಳೇ, ಅದು ಗ್ರಹಗಳ ಫಲವಲ್ಲ. ಹಣದ ಫಲ, ಹುಟ್ಟಿದ ಕೇರಿಯ ಫಲ, ಸರ್ಕಾರದ ಆಜ್ಞೆಗಳ ಫಲ. ಇದನ್ನು ಇಂದು ಬಿಡಿಸಿ ಹೇಳಬೇಕಾಗಿದೆ.

ಎರಡು ಮನೆಗಳು

ಊಹೆಗೆ ಎರಡು ಮನೆ ತೆಗೆದುಕೊಳ್ಳಿ. ಒಂದು ಒಂಟಿಕೊಪ್ಪಲಿನಲ್ಲಿ, ಚೆಲುವಾಂಬ ಪಾರ್ಕಿಗೆ ಹತ್ತಿರ. ತಂದೆ ದೊಡ್ಡ ಅಧಿಕಾರಿ, ತಾಯಿ ಕಾಲೇಜಿನ ಅಧ್ಯಾಪಕಿ. ಇನ್ನೊಂದು ಉದಯಗಿರಿಯಲ್ಲಿ. ತಂದೆ ದೇವರಾಜ ಮಾರ್ಕೆಟ್ಟಿನ ಬದಿಯಲ್ಲಿ ಬಾಳೆಹಣ್ಣಿನ ತಳ್ಳುಗಾಡಿ ಇಟ್ಟವನು. ತಾಯಿ ಮನೆಯ ನಡುವಿನಲ್ಲಿ ಮಣೆ ಇಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಊದುಬತ್ತಿ ಹೊಸೆಯುವವಳು. ಅವಳ ಕೈಯ ಊದುಬತ್ತಿ ಒಂಟಿಕೊಪ್ಪಲಿನ ದೇವರ ಮನೆಯಲ್ಲಿ ಹೊಗೆಯಾಡುತ್ತದೆ. ಅವಳ ಮಗಳಿಗೆ ಮಾತ್ರ ಆ ಬೀದಿಯ ಮಕ್ಕಳು ಹೋಗುವ ಶಾಲೆಯ ಬಾಗಿಲು ತೆರೆಯುವುದಿಲ್ಲ.

ಮೊದಲನೆಯ ಮನೆಯ ಮಗು ಎಂಟನೆಯ ತರಗತಿಯಿಂದಲೇ ತರಬೇತಿಗೆ ಸೇರುತ್ತದೆ. ಮೊದಲ ಸಲ ಸೀಟು ಸಿಗದಿದ್ದರೆ ಒಂದು ವರ್ಷ ಮನೆಯಲ್ಲಿ ಕುಳಿತು ಇನ್ನೊಂದು ಸಲ ಬರೆಯುತ್ತದೆ. ಬೇಕಾದರೆ ಮೂರನೆಯ ಸಲವೂ ಬರೆಯುತ್ತದೆ. ಎರಡನೆಯ ಮನೆಯ ಮಗಳಿಗೆ ಮನೆಯ ಭಾಷೆ ಉರ್ದು, ಬೀದಿಯ ಭಾಷೆ ಕನ್ನಡ, ತರಬೇತಿಯ ಭಾಷೆ ಇಂಗ್ಲಿಷ್. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಉರ್ದುವಿನಲ್ಲೂ ದೊರೆಯುತ್ತದೆ, ನಿಜ. ಆದರೆ ಆ ಪ್ರಶ್ನೆಗಳಿಗೆ ಎರಡು ವರ್ಷ ತಯಾರು ಮಾಡುವವರು ಯಾರು? ಅದಕ್ಕೆ ಕೇಳುವ ಫೀಸು ಲಕ್ಷದ ಲೆಕ್ಕದ್ದು. ಒಂದು ಸಲ ತಪ್ಪಿದರೆ ಆ ಹುಡುಗಿಗೆ ಮನೆಯಲ್ಲಿ ಕೂತು ಓದುವ ವರ್ಷ ಸಿಕ್ಕುವುದಿಲ್ಲ, ತಾಯಿಯ ಪಕ್ಕದಲ್ಲಿ ಇನ್ನೊಂದು ಮಣೆ ಸಿಕ್ಕುತ್ತದೆ. ಇಲ್ಲವೇ ಗಂಡಿನ ಮನೆಯವರು ಬಂದು ನೋಡಿಕೊಂಡು ಹೋಗುತ್ತಾರೆ.

ಇಬ್ಬರೂ ಒಂದೇ ದಿನ, ಒಂದೇ ಗಂಟೆಯಲ್ಲಿ ಒಂದೇ ಪರೀಕ್ಷೆ ಬರೆಯುತ್ತಾರೆ. ಆಮೇಲೆ ಪತ್ರಿಕೆಗಳಲ್ಲಿ ಮಹನೀಯರು ಬರೆಯುತ್ತಾರೆ: ‘ಪ್ರತಿಭೆಗೆ ಜಯ!’ ಒಬ್ಬನನ್ನು ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ನಿಲ್ಲಿಸಿ, ಇನ್ನೊಬ್ಬನನ್ನು ಬುಡದಲ್ಲಿ ನಿಲ್ಲಿಸಿ, ದೇವಸ್ಥಾನ ಮೊದಲು ಮುಟ್ಟಿದವನೇ ಜಾಣ ಎನ್ನುವುದು ಎಂಥ ನ್ಯಾಯ?

ನೂರು ವರ್ಷದ ಹಳೆಯ ಜಗಳ

ಇದು ಇಂದಿನ ಜಗಳವಲ್ಲ. ನಮ್ಮ ಮೈಸೂರೇ ಈ ಜಗಳದ ತವರುಮನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರದ ದೊಡ್ಡ ಹುದ್ದೆಗಳ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದುದು ಆಗ ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಸಂಗತಿ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಕ್ಕಬೇಕೆಂದು ಸಮಿತಿ ಹೇಳಿತು. ಆ ಹಿಂದುಳಿದವರ ಲೆಕ್ಕದಲ್ಲಿ ಒಕ್ಕಲಿಗರೂ ಲಿಂಗಾಯತರೂ ಇದ್ದರು, ಮುಸಲ್ಮಾನರೂ ಇದ್ದರು. ಒಂದೇ ಅರ್ಜಿಯಲ್ಲಿ ಎಲ್ಲರ ಹೆಸರು! ಇದನ್ನು ಇಂದು ಮರೆತವರು ಬಹಳ. ಈ ವಿಚಾರದಲ್ಲಿ ಮಹಾರಾಜರೊಡನೆ ಒಮ್ಮತವಾಗದೆ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ಬಿಟ್ಟರು. ದಕ್ಷತೆ ಕೆಟ್ಟುಹೋಗುತ್ತದೆ ಎಂಬ ಮಾತು ಅಂದೇ ಹುಟ್ಟಿತು. ಇಂದಿಗೂ ಸತ್ತಿಲ್ಲ.

ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು, 1930ರಲ್ಲಿ ಮೈಸೂರಿಗೆ ಬಂದಿತು. ಜನರ ಹಣದಿಂದ ಕಟ್ಟಿದ ಕಾಲೇಜು. ಕಟ್ಟಡ ಎದ್ದಿತು, ಆದರೆ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿ ಇರಬೇಕೆಂಬ ಜಗಳ ಮುಗಿಯಲಿಲ್ಲ.

ಪಕ್ಕದ ಮದರಾಸಿನಲ್ಲಿ, ಆಗ ನಮ್ಮ ದಕ್ಷಿಣ ಕನ್ನಡವೂ ಕಾಸರಗೋಡೂ ಅದರೊಳಗಿದ್ದಾಗ, ಸೀಟುಗಳನ್ನು ಸಮುದಾಯಗಳಿಗೆ ಹಂಚುವ ಆಜ್ಞೆಯಿತ್ತು. ಹದಿನಾಲ್ಕು ಸೀಟಿನಲ್ಲಿ ಒಂದು ಮುಸಲ್ಮಾನರಿಗೆ, ಒಂದು ಆಂಗ್ಲೋ-ಇಂಡಿಯನ್ ಮತ್ತು ಕ್ರೈಸ್ತರಿಗೆ, ಎರಡು ಹರಿಜನರಿಗೆ. ಚಂಪಕಂ ದೊರೈರಾಜನ್ ಎಂಬ ಮಹಿಳೆ ವೈದ್ಯಕೀಯ ಸೀಟಿನ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋದರು. ಅವರು ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲವೆಂದು ತೀರ್ಪಿನಲ್ಲೇ ಇದೆ! ಆದರೂ 1951ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು, ಹಿಂದುಳಿದವರಿಗಾಗಿ ವಿಶೇಷ ಏರ್ಪಾಟು ಮಾಡುವ ಅಧಿಕಾರ ಸರ್ಕಾರಗಳಿಗೆ ಸಿಕ್ಕಿತು.

ಮುಂದಿನ ಕಾಳಗ ನಮ್ಮ ರಾಜ್ಯದಲ್ಲೇ ನಡೆಯಿತು. 1962ರ ಜುಲೈ 31ರಂದು ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ 68ನ್ನು ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎರಡೇ ತಿಂಗಳಲ್ಲಿ ಅದನ್ನು ರದ್ದುಮಾಡಿತು. ಮೀಸಲು ಅರ್ಧವನ್ನು ಮೀರಬಾರದು ಎಂದಿತು. ಜಾತಿಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಮುಸಲ್ಮಾನರು, ಕ್ರೈಸ್ತರು, ಜೈನರ ಹಿಂದುಳಿದಿಕೆಯನ್ನು ಅಳೆಯುವುದು ಹೇಗೆಂದೂ ಕೇಳಿತು. ಪ್ರಶ್ನೆ ಸರಿಯಾದದ್ದೇ.

1963ರಲ್ಲಿ ಬರೆದ ನಿಮ್ಮ ಹೆಸರು

ಈ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರವನ್ನು ಈ ವಾರದ ಓದುಗರು ಗಮನವಿಟ್ಟು ಓದಬೇಕು. ಏಕೆಂದರೆ ಅದರಲ್ಲಿ ನಿಮ್ಮ ಹೆಸರಿತ್ತು.

1963ರ ಜುಲೈ ಆಜ್ಞೆಯಲ್ಲಿ ನೂರಕ್ಕೆ 30 ಸೀಟು ಹಿಂದುಳಿದವರಿಗೆ, 15 ಪರಿಶಿಷ್ಟ ಜಾತಿಗೆ, 3 ಪರಿಶಿಷ್ಟ ಪಂಗಡಕ್ಕೆ ಎಂದಾಯಿತು. ಹಿಂದುಳಿದವರು ಯಾರು? ವರ್ಷದ ಆದಾಯ 1,200 ರೂಪಾಯಿಗೆ ಮೀರದ, ಎಂದರೆ ತಿಂಗಳಿಗೆ ನೂರು ರೂಪಾಯಿಯ ಸಂಸಾರ. ಕಸುಬು ಯಾವುದು? ತಾನೇ ಉಳುವ ರೈತ, ಕುಶಲಕರ್ಮಿ, ಚಿಲ್ಲರೆ ವ್ಯಾಪಾರಿ, ಸರ್ಕಾರದ ಕೆಳದರ್ಜೆಯ ನೌಕರ, ಮೈಮುರಿದು ದುಡಿಯುವ ಯಾವುದೇ ಕೂಲಿಗಾರ. ಮಿಲ್ಲಿನ ಕಾರ್ಮಿಕನೂ ಅದರಲ್ಲಿ ಬಂದ, ಸಂತೇಪೇಟೆಯ ಚಿಲ್ಲರೆ ಅಂಗಡಿಯವನೂ ಬಂದ. ಅವನು ರಾಮಣ್ಣನೇ ರಹೀಮನೇ ರಾಬರ್ಟನೇ ಎಂದು ಆಜ್ಞೆ ಕೇಳಲಿಲ್ಲ. ಕೈಯಲ್ಲಿ ಕಾಯಿ ಕಟ್ಟಿದೆಯೇ, ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಕೇಳಿತು.

ಇದು ಪೂರ್ತಿ ನ್ಯಾಯವೆಂದು ನಾವು ಹೇಳುವುದಿಲ್ಲ. ಜಾತಿಯ ಅವಮಾನ ಬಡತನವೊಂದರಿಂದಲೇ ಹುಟ್ಟಿದ್ದಲ್ಲ. ಹಣ ಬಂದ ಮಾತ್ರಕ್ಕೆ ಅಶೋಕಪುರದ ಮನುಷ್ಯನಿಗೆ ಎಲ್ಲ ಕೇರಿಯಲ್ಲೂ ಬಾಡಿಗೆ ಮನೆ ಸಿಕ್ಕುತ್ತದೆಯೇ? ಮುಸಲ್ಮಾನನಿಗೆ ಸಿಕ್ಕುತ್ತದೆಯೇ? ಆದುದರಿಂದ ಸಮುದಾಯವನ್ನೂ ಎಣಿಸಬೇಕು. ಆದರೆ ಸಮುದಾಯದ ಒಳಗೆ ದುಡಿಯುವ ಕೈಯನ್ನು ಮೊದಲು ಎಣಿಸಬೇಕೆಂಬ ಆ ಆಜ್ಞೆಯ ತಿರುಳನ್ನು ಕೈಬಿಟ್ಟದ್ದು ನಮ್ಮ ದೊಡ್ಡ ನಷ್ಟ.

ಅಂದಿನ ಸರ್ಕಾರವೇನೂ ಧರ್ಮರಾಯನಲ್ಲ. ಮುಂಬಾಗಿಲಿನಲ್ಲಿ ಬಡವನನ್ನು ಕರೆದು, ಒಳಗೆ ಸಂದರ್ಶನದ ಕೋಣೆ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನೂರಕ್ಕೆ 25ರಷ್ಟು ಸಂದರ್ಶನಕ್ಕೆ! ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ, ನಾಟಕ, ಚರ್ಚಾಸ್ಪರ್ಧೆ, ಎನ್‌ಸಿಸಿ. ಬೆಳಗ್ಗೆ ಅಪ್ಪನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಧ್ಯಾಹ್ನ ಕಾಲೇಜಿಗೆ ಓಡುವ ಹುಡುಗ ಯಾವ ನಾಟಕ ಆಡಿಯಾನು? ಅವನ ವ್ಯಕ್ತಿತ್ವವನ್ನು ಇಸ್ತ್ರಿ ಇಲ್ಲದ ಅಂಗಿಯಿಂದಲೇ ಅಳೆದುಬಿಡುವವರಿಗೆ ಕೊರತೆಯಿತ್ತೇ? 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಸುಬಿನ ಅಳತೆಗೋಲನ್ನೂ ಒಪ್ಪಿತು, ಸಂದರ್ಶನವನ್ನೂ ಒಪ್ಪಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಹಣದ ಬೀಗ

ಸಂದರ್ಶನದ ಬೀಗ ಮುಂದೆ ಬಿದ್ದುಹೋಯಿತು. ಅಷ್ಟರಲ್ಲಿ ಹೊಸ ಬೀಗ ಸಿದ್ಧವಾಗಿತ್ತು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆಯಿತು. ಅನಂತರ ಖಾಸಗಿ ಕಾಲೇಜುಗಳು ಊರೂರಿಗೂ ಹಬ್ಬಿದವು. ‘ಕ್ಯಾಪಿಟೇಷನ್’ ಎಂಬ ಮಾತು ಕನ್ನಡದ ಹಳ್ಳಿ ಹಳ್ಳಿಗೂ ತಿಳಿಯಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿದವರೇ 1989ರಲ್ಲಿ ಫೀಸಿನ ದರಪಟ್ಟಿ ಹೊರಡಿಸಿದರು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರಗಿನವರಿಗೆ 60,000. ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇದು ವಿದ್ಯೆಯ ಮಾರಾಟವೆಂದು ಕಂಡು ತಳ್ಳಿಹಾಕಿತು. ಮರುವರ್ಷವೇ ಇನ್ನೊಂದು ತೀರ್ಪು ಬಂದು ‘ಉಚಿತ ಸೀಟು’, ‘ಹಣದ ಸೀಟು’ ಎಂದು ವಿಂಗಡಿಸಿತು. 1994ರಿಂದ ನಮ್ಮ ರಾಜ್ಯದ ಸಿಇಟಿ ನಡೆಯಿತು. ಸೀಟು ಹಂಚುವುದು ಎಲ್ಲರ ಕಣ್ಣೆದುರಿಗೆ ಬಂದಿತು, ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಆ ವರ್ಷಗಳಲ್ಲಿ ಬಡವರ ಮನೆಗಳಿಂದಲೂ ಡಾಕ್ಟರುಗಳು ಹೊರಟರು.

ಈಗ ‘ನೀಟ್’ ಬಂದಿದೆ. 2016ರಿಂದ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಪ್ರತಿಭೆಗೊಂದೇ ತಕ್ಕಡಿ ಎಂದರು. ತಕ್ಕಡಿಯ ಲೆಕ್ಕ ನೀವೇ ಬಲ್ಲಿರಿ, ಅಂಗಡಿಯವರು! 2024ರಲ್ಲಿ 23 ಲಕ್ಷಕ್ಕೂ ಮಿಕ್ಕಿದವರು ಬರೆದರು. 13 ಲಕ್ಷಕ್ಕೂ ಹೆಚ್ಚು ಜನ ‘ಅರ್ಹರು’ ಎನಿಸಿಕೊಂಡರು. ಸೀಟು ಇದ್ದದ್ದು ಒಂದು ಲಕ್ಷದ ಆಚೀಚೆ, ಅದರಲ್ಲೂ ಅರ್ಧದಷ್ಟು ಖಾಸಗಿಯವರದು. ಅಲ್ಲಿ ಆಡಳಿತ ಮಂಡಳಿಯ ಸೀಟಿಗೆ ವರ್ಷಕ್ಕೆ ಹತ್ತು ಲಕ್ಷದ ಆಚೀಚೆ, ಕೆಲವೆಡೆ ಇನ್ನೂ ಹೆಚ್ಚು. ಆಗ ಏನಾಗುತ್ತದೆ? ಒಂದು ಲಕ್ಷದೊಳಗಿನ ರ‍್ಯಾಂಕು ಬಂದ ಬಡ ಹುಡುಗಿ ಫೀಸು ಕೇಳಿ ಹಿಂತಿರುಗುತ್ತಾಳೆ. ಎಷ್ಟೋ ಲಕ್ಷದ ಹಿಂದೆ ರ‍್ಯಾಂಕು ಬಂದ ಶ್ರೀಮಂತರ ಮಗ ಚೆಕ್ಕು ಬರೆದು ಒಳಗೆ ಹೋಗುತ್ತಾನೆ. ಇದರ ಹೆಸರು ಪ್ರತಿಭೆ! ತಮಿಳುನಾಡಿನಲ್ಲಿ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಲೆಕ್ಕ ಹಾಕಿ ತೋರಿಸಿತು: ಈ ಪರೀಕ್ಷೆ ಬಂದ ಮೇಲೆ ಹಳ್ಳಿಯ ಮಕ್ಕಳ, ತಮಿಳು ಮಾಧ್ಯಮದವರ ಪಾಲು ಕುಸಿಯಿತು. ನಮ್ಮ ವಿಧಾನಸಭೆಯೂ 2024ರ ಜುಲೈನಲ್ಲಿ ಈ ಪರೀಕ್ಷೆ ಬೇಡವೆಂದು ನಿರ್ಣಯ ಮಾಡಿತು. ನಿರ್ಣಯ ಕಾಗದದಲ್ಲಿ ಉಳಿಯಿತು, ತರಬೇತಿಯ ಅಂಗಡಿಗಳು ಬೀದಿಯಲ್ಲಿ ಉಳಿದವು.

ಎರಡು ಮೀಸಲುಗಳ ನಡುವೆ ಬಿದ್ದವಳು

ಉದಯಗಿರಿಯ ಆ ಹುಡುಗಿಗೆ ಸರ್ಕಾರದ ಏರ್ಪಾಟುಗಳಲ್ಲಿ ಎಲ್ಲಿ ಜಾಗವಿದೆ, ನೋಡೋಣ. ರಾಜ್ಯದಲ್ಲಿ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15 ಇದೆ. ಅವಳು ಪಟ್ಟಣದವಳು, ಸಲ್ಲದು. ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಇದೆ. ಅವಳು ಓದಿದ್ದು ಉರ್ದು ಶಾಲೆಯಲ್ಲಿ, ಸಲ್ಲದು. ಎರಡೂ ನ್ಯಾಯವಾದ ಮೀಸಲುಗಳೇ, ತೆಗೆಯಿರಿ ಎಂದು ನಾವು ಹೇಳುವುದಿಲ್ಲ. ಆದರೆ ಪಟ್ಟಣದ ಕೊಳೆಗೇರಿಯ ಉರ್ದು ಶಾಲೆ ಯಾವ ವಿಧದಲ್ಲಿ ಹಳ್ಳಿಯ ಕನ್ನಡ ಶಾಲೆಗಿಂತ ಮೇಲು?

ಉಳಿದದ್ದು 2ಬಿ ವರ್ಗದ ನೂರಕ್ಕೆ 4. ಇದು ಯಾರೋ ದಾನವಾಗಿ ಎಸೆದದ್ದಲ್ಲ. 1975ರ ಹಾವನೂರ್ ವರದಿ, 1990ರ ಚಿನ್ನಪ್ಪ ರೆಡ್ಡಿ ಆಯೋಗದ ವರದಿ ಎಂದು ವರ್ಷಗಟ್ಟಲೆ ವಿಚಾರಣೆ ನಡೆದು, 1994-95ರಲ್ಲಿ ರೂಪುಗೊಂಡದ್ದು. 2023ರ ಮಾರ್ಚಿನಲ್ಲಿ, ಚುನಾವಣೆ ಬಾಗಿಲಲ್ಲಿ ನಿಂತಿದ್ದಾಗ, ಅಂದಿನ ಸರ್ಕಾರ ಒಂದೇ ಆಜ್ಞೆಯಿಂದ ಅದನ್ನು ಕಿತ್ತು ಎರಡೆರಡರಂತೆ ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚಲು ಹೊರಟಿತು. ಸುಪ್ರೀಂ ಕೋರ್ಟು ಪ್ರಶ್ನೆ ಮಾಡಿದಾಗ ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಹಿಂದೆ ಸರಿಯಿತು. ಮಿಲ್ಲರ್ ಸಮಿತಿಯ ಮುಂದೆ ಒಂದೇ ಸಾಲಿನಲ್ಲಿ ನಿಂತಿದ್ದವರನ್ನು ನೂರು ವರ್ಷದ ಮೇಲೆ ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈಹಾಕುವಂತೆ ನಿಲ್ಲಿಸಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ!

ಇನ್ನು ಆ ನಾಲ್ಕರ ಒಳಗಿನ ಮಾತು. ಕೆನೆಪದರದ ಮಿತಿ ವರ್ಷಕ್ಕೆ 8 ಲಕ್ಷ. ಏಳೂವರೆ ಲಕ್ಷ ವರಮಾನದ ಮನೆಯೂ, ವರ್ಷಕ್ಕೆ ಲಕ್ಷ ಕಾಣದ ತಳ್ಳುಗಾಡಿಯ ಮನೆಯೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ತರಬೇತಿಗೆ ಹಣವಿರುವವರು ಮುಂದೆ ಹೋಗುತ್ತಾರೆ. ಸಾಚಾರ್ ಸಮಿತಿ 2006ರಲ್ಲಿ ಹೇಳಿತು: ದೇಶದ ಮೊದಲ ದರ್ಜೆಯ ಕಾಲೇಜುಗಳಲ್ಲಿ ಪದವಿ ಓದುವ 25 ಜನರಲ್ಲಿ ಮುಸಲ್ಮಾನ ಒಬ್ಬ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ. ‘ಅವರು ಮದ್ರಸಾಗೆ ಕಳುಹಿಸುತ್ತಾರೆ, ಓದಿಸುವುದಿಲ್ಲ’ ಎಂದು ಹರಟೆಕಟ್ಟೆಯಲ್ಲಿ ಹೇಳುವವರಿಗೂ ಅದೇ ವರದಿಯಲ್ಲಿ ಉತ್ತರವಿದೆ. ಮದ್ರಸಾದಲ್ಲಿ ಓದುವ ಮುಸಲ್ಮಾನ ಮಕ್ಕಳು ನೂರಕ್ಕೆ ಮೂರು ನಾಲ್ಕು ಮಾತ್ರ. ಉಳಿದವರು ನಿಮ್ಮ ಮಕ್ಕಳ ಹಾಗೆಯೇ ಸಾಮಾನ್ಯ ಶಾಲೆಗೆ ಹೋಗುತ್ತಾರೆ, ನಿಮ್ಮ ಮಕ್ಕಳ ಹಾಗೆಯೇ ಹಣವಿಲ್ಲದೆ ಶಾಲೆ ಬಿಡುತ್ತಾರೆ.

ಸಮುದಾಯದ ದೊಡ್ಡವರಿಗೊಂದು ಮಾತು

ಸರ್ಕಾರವನ್ನು ಬೈದು ಮುಗಿಸಿದರೆ ಅರ್ಧ ಸತ್ಯ ಮಾತ್ರ ಹೇಳಿದಂತೆ. ಅಲ್ಪಸಂಖ್ಯಾತರ ಹೆಸರಿನಲ್ಲಿ ವೈದ್ಯಕೀಯ ಕಾಲೇಜು ಕಟ್ಟುವ ಹಕ್ಕು ಸಂವಿಧಾನದಲ್ಲಿದೆ, ಇರಲೇಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ 1963ರಲ್ಲಿ, ವಿಜಯಪುರದ ಅಲ್-ಅಮೀನ್ 1984ರಲ್ಲಿ ಹೀಗೆ ಹುಟ್ಟಿದವು. ಓದಿಸಿದವರನ್ನು ಹಳ್ಳಿಗಳ ಸೇವೆಗೆ ಕಳುಹಿಸುವ ಪದ್ಧತಿಯನ್ನು ಸೇಂಟ್ ಜಾನ್ಸ್ ಇಟ್ಟುಕೊಂಡು ಬಂದಿದೆ. ನಮ್ಮ ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1906ರಿಂದ ಎಲ್ಲ ಮತದ ತಾಯಂದಿರ ಹೆರಿಗೆ ಮಾಡಿಸಿದೆ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ 2002ರ ಟಿ.ಎಂ.ಎ. ಪೈ ತೀರ್ಪು, 2005ರ ಇನಾಂದಾರ್ ತೀರ್ಪು, ಅದೇ ವರ್ಷದ 93ನೆಯ ತಿದ್ದುಪಡಿಗಳಿಂದ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸರ್ಕಾರದ ಮೀಸಲಾತಿಯಿಂದ ವಿನಾಯಿತಿ ಸಿಕ್ಕಿತು. ಈ ವಿನಾಯಿತಿ ಯಾರಿಗಾಗಿ? ಊದುಬತ್ತಿ ಹೊಸೆಯುವವಳ ಮಗಳಿಗಾಗಿಯೋ, ಕೊಲ್ಲಿಯ ದೇಶದಿಂದ ಹಣ ತರುವವರ ಮಗನಿಗಾಗಿಯೋ? ಸಮುದಾಯದ ಬಡತನವನ್ನು ತೋರಿಸಿ ಹಕ್ಕು ಪಡೆದು, ಸಮುದಾಯದ ಶ್ರೀಮಂತಿಕೆಯನ್ನು ನೋಡಿ ಸೀಟು ಮಾರುವವರು ಯಾವ ಮತದವರಾದರೂ ವ್ಯಾಪಾರಿಗಳೇ ಹೊರತು ಮುಖಂಡರಲ್ಲ. ಮಸೀದಿಯ, ಇಗರ್ಜಿಯ, ಮಠದ ನೆರಳಿನಲ್ಲಿ ನಿಂತರೂ ಹಣದ ಪೆಟ್ಟಿಗೆ ಹಣದ ಪೆಟ್ಟಿಗೆಯೇ.

‘ನನ್ನ ಮಗನಿಗೆ ಸೀಟು ತಪ್ಪಿತಲ್ಲ!’

ಇದನ್ನೋದುವ ಅಂಗಡಿಯ ಅಣ್ಣನೊಬ್ಬ ಕೇಳಬಹುದು: ‘ಸ್ವಾಮಿ, ನಾನೂ ಬಡವನೇ. ಅವರಿಗೆ ನಾಲ್ಕು ಕೊಟ್ಟದ್ದರಿಂದ ನನ್ನ ಮಗನಿಗೆ ತಪ್ಪಿತು.’ ಅಣ್ಣಾ, ಲೆಕ್ಕ ನೋಡು. ಆ ಮೀಸಲು ನೂರಕ್ಕೆ 4. ಖಾಸಗಿ ಕಾಲೇಜುಗಳಲ್ಲಿ ಹೊರದೇಶದ ಭಾರತೀಯರ ಹೆಸರಿನಲ್ಲಿ ನೂರಕ್ಕೆ 15ರವರೆಗೆ ಇಡಬಹುದೆಂದು ಇನಾಂದಾರ್ ತೀರ್ಪಿನಲ್ಲೇ ಇದೆ. ಅದು ಹಣದ ಮೀಸಲಾತಿ! ಅದರ ವಿರುದ್ಧ ಯಾರಾದರೂ ಮೆರವಣಿಗೆ ಮಾಡಿದ್ದನ್ನು ಕಂಡಿದ್ದೀಯಾ? ನಾಲ್ಕರ ಮೇಲೆ ನಿನ್ನ ಕಣ್ಣು ತಿರುಗಿಸಿ, ಹದಿನೈದನ್ನು ಜೇಬಿಗೆ ಹಾಕಿಕೊಂಡವನು ನಗುತ್ತಿದ್ದಾನೆ. ಬಾಳೆಹಣ್ಣಿನ ಗಾಡಿಯವನ ಮಗಳು ನಿನ್ನ ಮಗನ ಸೀಟು ಕಸಿಯಲಿಲ್ಲ. ನಿಮ್ಮಿಬ್ಬರ ಸೀಟನ್ನೂ ಕಸಿದವನು ಬೇರೆ.

ಇನ್ನೊಂದು ಮಾತು. ಒಂಟಿಕೊಪ್ಪಲಿನಿಂದ ಕೃಷ್ಣರಾಜಸಾಗರದ ರಸ್ತೆ ಹಿಡಿದರೆ ಕೃಷ್ಣಾಜಮ್ಮಣ್ಣಿ ಕ್ಷಯರೋಗದ ಆಸ್ಪತ್ರೆ ಸಿಕ್ಕುತ್ತದೆ. ಹತ್ತಿಯ ಧೂಳು, ಬೀಡಿಯ ಹೊಗೆ, ಇಕ್ಕಟ್ಟಿನ ಮನೆ ಇವುಗಳಿಂದ ಎದೆ ಕೆಟ್ಟವರು ಬರುವ ಜಾಗ. ರೋಗಿಗಳು ನಮ್ಮ ಕೇರಿಗಳಿಂದ ಬರುತ್ತಾರೆ. ಡಾಕ್ಟರುಗಳೂ ನಮ್ಮ ಕೇರಿಗಳಿಂದ ಬಂದರೆ ಕೆಮ್ಮಿನ ಹಿಂದಿರುವ ಬದುಕನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೆಲುವಾಂಬ ಆಸ್ಪತ್ರೆಯಲ್ಲಿ ನೋವು ತಿನ್ನುವ ಹೆಂಗಸು ತನ್ನ ಮಾತಿನಲ್ಲಿ ‘ಅಮ್ಮಾ’ ಎಂದರೆ, ಅದೇ ಮಾತಿನಲ್ಲಿ ‘ಹೆದರಬೇಡ’ ಎನ್ನುವ ಡಾಕ್ಟರು ಬೇಕು. ಕೋಟಿ ಸುರಿದು ಡಾಕ್ಟರಾದವನು ಆ ಕೋಟಿಯನ್ನು ಯಾರಿಂದ ವಸೂಲು ಮಾಡುತ್ತಾನೆ? ನಮ್ಮ ನಿಮ್ಮ ಹೊಟ್ಟೆನೋವಿನಿಂದಲೇ ತಾನೇ?

ನಮ್ಮ ಬೇಡಿಕೆ

ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕೃಷ್ಣರಾಜೇಂದ್ರ ಮಿಲ್ಲೂ ನಿಂತುಹೋಯಿತು. ಅಪ್ಪನ ಕೆಲಸ ಮಗನಿಗೆ ಎಂಬ ಕಾಲ ಹೋಯಿತು. ದುಡಿಯುವವನ ಮನೆಗೆ ಈಗ ಉಳಿದಿರುವ ಏಣಿ ವಿದ್ಯೆಯೊಂದೇ. ಆ ಏಣಿಯನ್ನೂ ಹರಾಜಿಗಿಡಬೇಡಿರೆಂದು ಕೇಳುತ್ತೇವೆ.

ಒಂದು: ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ನೂರಕ್ಕೆ ಏಳೂವರೆ ಇಟ್ಟಿತು. ನಮ್ಮಲ್ಲೂ ಪ್ರತಿಯೊಂದು ವರ್ಗದ ಒಳಗೆ ಸರ್ಕಾರಿ ಶಾಲೆಯ, ದುಡಿಯುವವರ ಮನೆಯ ಮಕ್ಕಳಿಗೆ ಮೊದಲ ಪಾಲು ಇಡಲಿ. ಪಟ್ಟಣದ ಕೊಳೆಗೇರಿಯೂ ಉರ್ದು ಶಾಲೆಯೂ ಅದರಲ್ಲಿ ಸೇರಲಿ.

ಎರಡು: ಮೊರಾರ್ಜಿ ಶಾಲೆಗಳಲ್ಲಿ, ಸರ್ಕಾರಿ ಹಾಸ್ಟೆಲುಗಳಲ್ಲಿ ಊಟದೊಂದಿಗೆ ಎರಡು ವರ್ಷದ ಪುಕ್ಕಟೆ ತರಬೇತಿ ನಡೆಯಲಿ. ಪರೀಕ್ಷೆ ಸರ್ಕಾರದ್ದಾದರೆ ಅದಕ್ಕೆ ತಯಾರು ಮಾಡುವ ಹೊಣೆಯೂ ಸರ್ಕಾರದ್ದೇ.

ಮೂರು: ‘ಅರಿವು’ ಯೋಜನೆಯಲ್ಲಿ ಕೊಡುವುದು ಸಾಲ. ಸಾಲ ಹೊತ್ತು ಡಾಕ್ಟರಾದವಳು ಹಳ್ಳಿಗೆ ಹೋಗಲಾರಳು. ಬಡ ಮಕ್ಕಳಿಗೆ ಸಾಲದ ಬದಲು ವಿದ್ಯಾರ್ಥಿವೇತನ ಕೊಟ್ಟು, ಹಳ್ಳಿಯ ಆಸ್ಪತ್ರೆಯಲ್ಲಿ ಸೇವೆ ಪಡೆಯಲಿ.

ನಾಲ್ಕು: ಅಲ್ಪಸಂಖ್ಯಾತವಾಗಲಿ ಬಹುಸಂಖ್ಯಾತವಾಗಲಿ, ಪ್ರತಿ ಖಾಸಗಿ ಕಾಲೇಜೂ ತನ್ನ ಸೀಟುಗಳು ಎಷ್ಟು ವರಮಾನದ ಮನೆಯವರಿಗೆ ಹೋದವು ಎಂಬ ಪಟ್ಟಿಯನ್ನು ವರ್ಷವರ್ಷ ಬಾಗಿಲಿಗೆ ಅಂಟಿಸಲಿ. ಮುಚ್ಚಿಡುವುದಕ್ಕೆ ಏನೂ ಇಲ್ಲದವರಿಗೆ ಇದರಿಂದ ನಷ್ಟವಿಲ್ಲ.

1963ರ ಆಜ್ಞೆಯಲ್ಲಿ ಕೂಲಿಗಾರನನ್ನೂ ಚಿಲ್ಲರೆ ವ್ಯಾಪಾರಿಯನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ಆ ಸಾಲನ್ನು ಅಳಿಸಿದವರು ನಮ್ಮನ್ನು ಬೇರೆ ಬೇರೆ ಕೇರಿಗಳಿಗೆ ಅಟ್ಟಿ, ಒಬ್ಬರ ಬಾಗಿಲನ್ನು ಇನ್ನೊಬ್ಬರು ಅನುಮಾನದಿಂದ ನೋಡುವಂತೆ ಮಾಡಿದ್ದಾರೆ. ಮುಂದಿನ ಸಲ ಓಟು ಕೇಳಲು ಬಂದವರನ್ನು ಅಂಗಡಿಯ ಮುಂದೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ‘ನಮ್ಮ ಮಕ್ಕಳು ಡಾಕ್ಟರಾಗುವುದು ಯಾವಾಗ?’ ಪಂಚಾಂಗ ನೋಡಿ ಹೇಳುತ್ತೇವೆ ಎಂದರೆ ಬಿಡಬೇಡಿ. ಅದರ ಮುಹೂರ್ತ ಇಡಬೇಕಾದವರು ಅವರಲ್ಲ, ನಾವು.